ವಾರಾಂತ್ಯದ ಕಾರಿಗೆ ಎಷ್ಟು ಪವರ್ ಸಾಕು?

ವಾರವಿಡೀ ಅಂಗಡಿ, ಆಸ್ಪತ್ರೆ, ಕಾಲೇಜು, ರೈಸ್ ಮಿಲ್ಲು ಎಂದು ದುಡಿದವರು ಭಾನುವಾರ ಬೆಳಗ್ಗೆ ಒಂದು ಚುರುಕಾದ ಕಾರು ಹತ್ತಿ ಊರಾಚೆ ಹೋಗಿಬರಬೇಕೆಂದು ಬಯಸುವುದು ದಾವಣಗೆರೆ, ಹರಿಹರಗಳಲ್ಲಿ ಈಗ ಅಪರೂಪವಲ್ಲ. ಮನೆಗೆ ಬೇಕಾದ ದೊಡ್ಡ ಗಾಡಿ ಆಗಲೇ ಇರುತ್ತದೆ, ಇದು ಬರೀ ಖುಷಿಗೆ ಕೊಳ್ಳುವ ಎರಡನೆಯ ಕಾರು. ಆದರೆ ಇಂಥ ಕಾರು ಕೊಳ್ಳಲು ಹೊರಟವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು? ಆ ಲೆಕ್ಕ ಜರ್ಮನಿಯ ಆಟೊಬಾನಿಗೋ ಬುದ್ಧ್ ಸರ್ಕ್ಯೂಟಿಗೋ ಸರಿ. ಪಿ.ಬಿ. ರಸ್ತೆಯ ಸಿಗ್ನಲ್‌ಗಳನ್ನು ದಾಟಿ, ಬಾತಿ ಗುಡ್ಡದ ಮಗ್ಗುಲಲ್ಲಿ ಹಾದು ಹರಿಹರದ ಕಡೆ ಹೊರಡುವವರಿಗೆ ಅದರಿಂದ ಆಗುವ ಉಪಯೋಗ ತೀರಾ ಕಡಿಮೆ. ಇಲ್ಲಿ ದಾರಿಯನ್ನು ಮೊದಲು ಆರಿಸಿ, ಕಾರನ್ನು ಆಮೇಲೆ ಆರಿಸಬೇಕು. ಹಾಗೆ ಆರಿಸಿದರೆ 120ರಿಂದ 150 ಪಿಎಸ್ ಶಕ್ತಿಯ, ಮೈ ಹಗುರಾದ, ಟೈರಿಗೆ ಸಾಕಷ್ಟು ರಬ್ಬರು ಇರುವ, ರಿಪೇರಿ ಹತ್ತಿರದಲ್ಲೇ ಆಗುವ ಕಾರೇ ಉತ್ತರವಾಗಿ ಬರುತ್ತದೆ. ಅದಕ್ಕಿಂತ ಹೆಚ್ಚಿಗೆ ಸುರಿಯುವ ದುಡ್ಡಿನ ಬಹುಪಾಲು ಬ್ಯಾಡ್ಜಿಗೆ ಮತ್ತು ಸರ್ಕಾರಕ್ಕೆ ಹೋಗುತ್ತದೆ.

ವೇಗದ ಲೆಕ್ಕವನ್ನೇ ಮೊದಲು ಮುಗಿಸೋಣ. ಕೇಂದ್ರ ಸಾರಿಗೆ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ನಡುವೆ ವಿಭಜಕವಿರುವ ಚತುಷ್ಪಥ ರಸ್ತೆಯಲ್ಲಿ ಕಾರಿನ ಗರಿಷ್ಠ ಮಿತಿ ಗಂಟೆಗೆ 100 ಕಿ.ಮೀ. ವಿಭಜಕವಿಲ್ಲದ ಸಾಮಾನ್ಯ ರಸ್ತೆಯಲ್ಲಿ 70. ಪೊಲೀಸರು ಸ್ಥಳೀಯವಾಗಿ ಇದಕ್ಕಿಂತ ಕಡಿಮೆ ಮಾಡಬಹುದು, ಮಾಡಿಯೂ ಇದ್ದಾರೆ. 130 ದಾಟಿದರೆ ಬರೀ ದಂಡವಲ್ಲ, ಎಫ್‌ಐಆರ್ ದಾಖಲಿಸುವುದಾಗಿ ರಾಜ್ಯ ಪೊಲೀಸರು 2024ರ ಆಗಸ್ಟ್ 1ರಿಂದ ಇಡೀ ಕರ್ನಾಟಕಕ್ಕೆ ಅನ್ವಯವಾಗುವಂತೆ ಘೋಷಿಸಿದ್ದಾರೆ. ಕಾನೂನು ಬದಿಗಿರಲಿ, ಗಣಿತವೂ ಇದನ್ನೇ ಹೇಳುತ್ತದೆ. 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಅಡ್ಡ ಬಂದದ್ದು ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೆ, ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಕಾರು ಪೂರ್ತಿ ನಿಲ್ಲುವಷ್ಟರಲ್ಲಿ ಒಟ್ಟು 75-80 ಮೀಟರ್ ಮುಗಿದಿರುತ್ತದೆ. 130ರಲ್ಲಿ ಅದೇ ಅಂತರ 120 ಮೀಟರ್ ಹತ್ತಿರ ಬರುತ್ತದೆ. ರಾತ್ರಿ ಡಿಪ್ ಲೈಟಿನಲ್ಲಿ ಕಾಣುವುದು ಅದರ ಅರ್ಧ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಆರು ಸೆಕೆಂಡಿಗೆ ನೂರು ಮುಟ್ಟುವ ಕಾರಿಗೆ ಸಿಗುವ ಸುಖವೂ ಆರು ಸೆಕೆಂಡಿನದೇ. ಆಮೇಲೆ ಅದು ಚಿತ್ರದುರ್ಗದವರೆಗೆ ಎಲ್ಲರ ಕಾರಿನಂತೆಯೇ, ಎಲ್ಲರ ವೇಗದಲ್ಲೇ ಹೋಗಬೇಕು.

ಹಾಗಾದರೆ ಖುಷಿ ಎಲ್ಲಿದೆ? ತಿರುವುಗಳಲ್ಲಿದೆ. 40 ಮೀಟರ್ ತ್ರಿಜ್ಯದ ಒಂದು ತಿರುವನ್ನು 50 ಕಿ.ಮೀ. ವೇಗದಲ್ಲಿ ತೆಗೆದುಕೊಂಡರೆ ಸಾಕು, ಕೂತವರ ತೂಕದ ಅರ್ಧದಷ್ಟು ಬಲ ಮೈಯನ್ನು ಪಕ್ಕಕ್ಕೆ ಎಳೆಯುತ್ತದೆ. ಸ್ಟೀರಿಂಗ್ ಕೈಗೆ ಸುದ್ದಿ ಕೊಡುವುದು, ಬಾಡಿ ವಾಲುವುದು, ಗೇರ್ ಇಳಿಸಿದಾಗ ಎಂಜಿನ್ ಎದ್ದು ಬರುವುದು ಎಲ್ಲವೂ ಈ ಕಾನೂನುಬದ್ಧ ವೇಗದಲ್ಲೇ ಅನುಭವಕ್ಕೆ ಬರುತ್ತವೆ. 250 ಪಿಎಸ್ ಮೀರಿದ ಕಾರುಗಳು ಎರಡನೆಯ ಗೇರಿನಲ್ಲೇ ನೂರರ ಹತ್ತಿರ ಹೋಗಿಬಿಡುತ್ತವೆ, ಘಾಟಿಯಲ್ಲಿ ಅವುಗಳ ಎಂಜಿನ್ನನ್ನು ಒಮ್ಮೆಯೂ ಪೂರ್ತಿ ಎಳೆಯಲು ಆಗುವುದಿಲ್ಲ. 120 ಪಿಎಸ್ ಕಾರಿನಲ್ಲಿ ಎರಡು-ಮೂರನೆಯ ಗೇರುಗಳ ನಡುವೆ ಕೈಗೂ ಕಾಲಿಗೂ ಬಿಡುವಿಲ್ಲದ ಕೆಲಸ. ದಾವಣಗೆರೆಯ ಅದೃಷ್ಟವೆಂದರೆ ಬಯಲುಸೀಮೆಯ ಊರಾಗಿದ್ದೂ ಮಲೆನಾಡಿನ ತಿರುವುಗಳು ಅರ್ಧ ದಿನದ ದಾರಿಯಲ್ಲಿವೆ. ಹರಿಹರ, ಮಲೆಬೆನ್ನೂರು, ಹೊನ್ನಾಳಿ ದಾಟಿ ಶಿವಮೊಗ್ಗ ಸೇರಿ, ತೀರ್ಥಹಳ್ಳಿಯ ಮೇಲೆ ಹೋದರೆ ಆಗುಂಬೆ ಸುಮಾರು 180 ಕಿ.ಮೀ. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಭಾರೀ ವಾಹನಗಳಿಗೆ ಪ್ರವೇಶವಿಲ್ಲ. ಇನ್ನೊಂದು ಕಡೆ ಸಂತೇಬೆನ್ನೂರು, ಚನ್ನಗಿರಿ, ಭದ್ರಾವತಿ, ತರೀಕೆರೆ, ಲಿಂಗದಹಳ್ಳಿ ಮೂಲಕ ಕೆಮ್ಮಣ್ಣುಗುಂಡಿ, ಬಾಬಾಬುಡನ್ ಗಿರಿಯ ಸೀಮೆ.

ಆದರೆ ಆ ತಿರುವುಗಳನ್ನು ತಲುಪುವ ಮುಂಚಿನ 80-100 ಕಿ.ಮೀ. ದಾರಿಯೇ ಕಾರಿನ ನಿಜವಾದ ಪರೀಕ್ಷೆ. ದಾವಣಗೆರೆ ಜಿಲ್ಲೆ ಮೆಕ್ಕೆಜೋಳದ ಕಣಜ. ಅಕ್ಟೋಬರಿನಿಂದ ಶುರುವಾಗಿ ಎರಡು-ಮೂರು ತಿಂಗಳು ಊರೂರಿನ ರಸ್ತೆಯ ಒಂದು ಪಕ್ಕ ಒಣಹಾಕಿದ ಜೋಳದಿಂದ ಹಳದಿಯಾಗಿರುತ್ತದೆ. ರಾಶಿ ಚೆಲ್ಲಾಪಿಲ್ಲಿಯಾಗದಿರಲೆಂದು ಅಂಚಿಗೆ ಸಾಲಾಗಿ ಕಲ್ಲು ಜೋಡಿಸಿರುತ್ತಾರೆ. ಸಂಜೆ ಜೋಳ ಚೀಲಕ್ಕೆ ಹೋಗುತ್ತದೆ, ಕಲ್ಲು ಮಾತ್ರ ರಸ್ತೆಯಲ್ಲೇ ಉಳಿಯುತ್ತದೆ. ಉದುರಿದ ಕಾಳಿನ ಮೇಲೆ ಬ್ರೇಕ್ ಹಾಕಿದರೆ ಎಷ್ಟು ದುಬಾರಿ ಟೈರಾದರೂ ಜಾರುವುದೇ. ಭದ್ರಾ ನಾಲೆಯ ನೀರು ಹರಿಯುವ ಮಲೆಬೆನ್ನೂರು, ಹೊನ್ನಾಳಿ ಕಡೆ ಇದೇ ಕಥೆ ಭತ್ತದ್ದು. ಕಬ್ಬಿನ ಕಾಲದಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುವ ಟ್ರ್ಯಾಕ್ಟರ್ ಮುಸ್ಸಂಜೆಯಲ್ಲಿ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಇದಕ್ಕೆ ಹಳ್ಳಿ ಹಳ್ಳಿಯ ಹಂಪ್‌ಗಳನ್ನು ಸೇರಿಸಿ. ಬಿಳಿ ಪಟ್ಟೆಯಿಲ್ಲ, ಫಲಕವಿಲ್ಲ, ಎತ್ತರಕ್ಕೆ ಅಳತೆಯಿಲ್ಲ. ರೈತರನ್ನೋ ಊರವರನ್ನೋ ದೂರುವುದು ಇಲ್ಲಿ ಅಪ್ರಸ್ತುತ, ಅವರಿಗೆ ಒಕ್ಕಣೆಯ ಕಣ ಬೇಕು, ಮಕ್ಕಳು ರಸ್ತೆ ದಾಟಬೇಕು. ಕಾರು ಕೊಳ್ಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅಷ್ಟೇ.

ಆದ್ದರಿಂದ ಬ್ರೋಷರಿನಲ್ಲಿ ಪವರ್ ನೋಡುವ ಮೊದಲು ಟೈರಿನ ಅಳತೆ ನೋಡಿ. 2025ರ ಮೇನಲ್ಲಿ ಆಮದಾಗಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಜಗತ್ಪ್ರಸಿದ್ಧ ಕಾರು, 265 ಪಿಎಸ್, ನೂರಕ್ಕೆ 5.9 ಸೆಕೆಂಡು. ಅದರ ಟೈರು 225/40 ಆರ್18. ಎಂದರೆ ಟೈರಿನ ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 40, ಅಂದರೆ 90 ಮಿ.ಮೀ. ಅದೇ ಕಂಪನಿಯ ವರ್ಟಸ್ ಕಾರಿನ ಟೈರು 205/55 ಆರ್16, ಗೋಡೆಯ ಎತ್ತರ ಸುಮಾರು 113 ಮಿ.ಮೀ. ಆ ಹೆಚ್ಚಿನ 23 ಮಿ.ಮೀ. ರಬ್ಬರೂ ಗಾಳಿಯೂ ಹೊಂಡದ ಅಂಚಿಗೆ ಬಡಿದಾಗ ಅಲಾಯ್ ಚಕ್ರ ಸೊಟ್ಟಗಾಗದಂತೆ ಕಾಯುತ್ತವೆ. ಟೈರಿನ ಪಕ್ಕ ಒಮ್ಮೆ ಸೀಳಿದರೆ ಅದಕ್ಕೆ ಪಂಕ್ಚರ್ ಹಾಕಲಾಗದು, ಹೊಸದನ್ನೇ ಹಾಕಬೇಕು. 16 ಇಂಚಿನ ಸಾಮಾನ್ಯ ಅಳತೆಯ ಟೈರು ದಾವಣಗೆರೆಯ ಅಂಗಡಿಯಲ್ಲಿ ಸಿಗುತ್ತದೆ, 18 ಇಂಚಿನ ಅಪರೂಪದ ಅಳತೆಗೆ ಬೆಂಗಳೂರಿಗೆ ಫೋನು ಮಾಡಿ ಕಾಯಬೇಕಾಗಬಹುದು. ನೆಲದಿಂದ ಕಾರಿನ ಹೊಟ್ಟೆಯವರೆಗಿನ ಎತ್ತರವೂ ಹೀಗೆಯೇ. ಕಂಪನಿಯ ಲೆಕ್ಕದಲ್ಲಿ ಖಾಲಿ ವರ್ಟಸ್‌ಗೆ 179 ಮಿ.ಮೀ., ಗಾಲ್ಫ್‌ಗೆ 136. ನಾಲ್ವರು ಕೂತು ಡಿಕ್ಕಿಯಲ್ಲಿ ಸಾಮಾನಿಟ್ಟರೆ ಎರಡೂ ಇನ್ನಷ್ಟು ಕೆಳಗಿಳಿಯುತ್ತವೆ, ಆದರೆ ಒಂದಕ್ಕೆ ಇಳಿಯಲು ಜಾಗವಿದೆ.

ದುಡ್ಡಿನ ಲೆಕ್ಕ ಇನ್ನೂ ನಿಷ್ಠುರವಾದದ್ದು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ ಸೇರಿದರೆ ಸುಮಾರು ಶೇ 20. ಗಾಲ್ಫ್ ಜಿಟಿಐ ಬಿಡುಗಡೆಯಾದಾಗಿನ ಎಕ್ಸ್‌ಶೋರೂಂ ಬೆಲೆ 53 ಲಕ್ಷದ ಹಾಗೆ ಹಿಡಿದರೆ, ಆರ್‌ಟಿಒ ಕಚೇರಿಗೆ ಕಟ್ಟುವ ತೆರಿಗೆಯೊಂದೇ ಹತ್ತೂವರೆ ಲಕ್ಷ. ಆ ತೆರಿಗೆಯ ಮೊತ್ತಕ್ಕೆ ಹ್ಯುಂಡೈ ಐ20 ಎನ್ ಲೈನ್ ವರ್ಗದ ಕಾರೊಂದು ಶೋರೂಮಿನಲ್ಲಿ ನಿಂತಿದೆ. ಕೇಂದ್ರದ ತೆರಿಗೆಯೂ ಚಿಕ್ಕ ಕಾರಿನ ಕಡೆಗೇ ವಾಲಿದೆ. 2025ರ ಸೆಪ್ಟೆಂಬರ್ 22ರಿಂದ, ಉದ್ದ 4 ಮೀಟರಿನೊಳಗೆ ಮತ್ತು ಪೆಟ್ರೋಲ್ ಎಂಜಿನ್ 1,200 ಸಿಸಿಯೊಳಗೆ ಇದ್ದರೆ ಜಿಎಸ್‌ಟಿ ಶೇ 18, ಎರಡರಲ್ಲಿ ಒಂದು ಮೀರಿದರೂ ಶೇ 40. ಟರ್ಬೊ ಬಂದ ಮೇಲೆ ಈ ಮಿತಿಯೊಳಗೇ 120-130 ಪಿಎಸ್ ತೆಗೆಯುವುದು ಸಾಧ್ಯವಾಗಿರುವುದರಿಂದ, ಖುಷಿಗಾಗಿ ಕಾರು ಕೊಳ್ಳುವವರಿಗೆ ಇಷ್ಟು ಅನುಕೂಲದ ಕಾಲ ಹಿಂದೆ ಇರಲಿಲ್ಲ.

ಈಗ ಹೆಸರುಗಳಿಗೆ ಬರೋಣ. ಹೊಸದಾಗಿ ಕೊಳ್ಳುವವರಿಗೆ ಐ20 ಎನ್ ಲೈನ್ ಮೊದಲ ಹೆಸರು: 998 ಸಿಸಿ, 120 ಪಿಎಸ್, 172 ಎನ್‌ಎಂ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. 2023ರ ಬದಲಾವಣೆಯ ನಂತರ ಆರು ಗೇರಿನ ಪೂರ್ಣ ಮ್ಯಾನ್ಯುವಲ್ ಬಂದಿದೆ, ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಸಸ್ಪೆನ್ಷನ್ ಸಾಮಾನ್ಯ ಐ20ಗಿಂತ ಬಿಗಿ, ಆದರೆ ಸೊಂಟ ಮುರಿಯುವಷ್ಟಲ್ಲ. ಇದರ ದುರ್ಬಲ ಜಾಗ ಸುರಕ್ಷತೆಯ ಅಂಕ. 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಾಮಾನ್ಯ ಐ20ಯನ್ನು ಗುದ್ದಿಸಿ ನೋಡಿದಾಗ ಸಿಕ್ಕದ್ದು ಮೂರು ಸ್ಟಾರ್. ಐದು ಸ್ಟಾರ್ ಇಲ್ಲದೆ ಕೂರುವುದಿಲ್ಲ ಎನ್ನುವವರಿಗೆ, ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ, ವರ್ಟಸ್ 1.5 ಟಿಎಸ್‌ಐ ಅಥವಾ ಅದರ ಅವಳಿ ಸ್ಕೋಡಾ ಸ್ಲಾವಿಯಾ ಇವೆ. 150 ಪಿಎಸ್, 250 ಎನ್‌ಎಂ, ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್. ಶೇ 40ರ ಜಿಎಸ್‌ಟಿ ತೆತ್ತರೂ, ಈ ಭಾಗದ ರಸ್ತೆಗೆ ಹೇಳಿ ಮಾಡಿಸಿದ ವೇಗದ ಕಾರು ಯಾವುದೆಂದು ಕೇಳಿದರೆ ನನ್ನ ಮತ ವರ್ಟಸ್‌ಗೇ. ಹ್ಯುಂಡೈ ವರ್ನಾ ಟರ್ಬೊ ಕಾಗದದ ಮೇಲೆ 160 ಪಿಎಸ್ ತೋರಿಸುತ್ತದೆ, ನೇರ ರಸ್ತೆಯಲ್ಲಿ ಅಷ್ಟೇ ಓಡುತ್ತದೆ ಕೂಡ, ಆದರೆ ತಿರುವಿನಲ್ಲಿ ಅದು ಚಾಲಕನಿಗಿಂತ ಹಿಂದೆ ಕೂತವರನ್ನು ಮೆಚ್ಚಿಸುವ ಕಾರು. ಮಾರುತಿ ಸ್ವಿಫ್ಟ್‌ನ 82 ಪಿಎಸ್ ಕೇಳಿ ನಗುವವರಿದ್ದಾರೆ. ಒಂಬೈನೂರು ಕಿಲೋ ಚಿಲ್ಲರೆ ತೂಕದ ಆ ಕಾರನ್ನು ಘಾಟಿಯಲ್ಲಿ ಓಡಿಸಿದವರು ಅಷ್ಟು ನಗುವುದಿಲ್ಲ.

ಇಲ್ಲಿ ಎದುರಾಗುವ ಮೊದಲ ಆಕ್ಷೇಪ ದೊಡ್ಡದು, ನ್ಯಾಯವಾದದ್ದೂ ಹೌದು: ರಸ್ತೆ ಹೀಗಿದ್ದರೆ ಸ್ಕಾರ್ಪಿಯೋ, ಥಾರ್, ಫಾರ್ಚೂನರ್ ಕೊಳ್ಳುವುದೇ ಜಾಣತನವಲ್ಲವೇ? ಹೊಲಕ್ಕೆ, ತೋಟಕ್ಕೆ, ಮದುವೆ ಮನೆಗೆ ಹೋಗಲು ಖಂಡಿತ ಜಾಣತನ. ಹೊಂಡವನ್ನು ಲೆಕ್ಕಿಸದೆ ಸಾಗುವುದೇ ಖುಷಿ ಎನ್ನುವವರು ಈ ಲೇಖನವನ್ನು ಇಲ್ಲಿಗೇ ಬಿಟ್ಟು ಥಾರ್ ಬುಕ್ ಮಾಡಬಹುದು. ಆದರೆ ಎತ್ತರದ ಮೈ, ಎರಡು ಟನ್ನಿನ ಆಸುಪಾಸಿನ ತೂಕ ತಿರುವಿನಲ್ಲಿ ವಾಲುತ್ತದೆ, ಇಳಿಜಾರಿನಲ್ಲಿ ಬ್ರೇಕಿಗೆ ಹೊರೆಯಾಗುತ್ತದೆ. ಆಗುಂಬೆಯ ಇಳಿಜಾರಿನಲ್ಲಿ ಇಂಥ ಗಾಡಿಗೆ ಬೇಕಾದದ್ದು ತಾಳ್ಮೆ. ಎರಡರ ನಡುವಿನ ದಾರಿ ಹುಡುಕುವವರಿಗೆ ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒ ಟಿಜಿಡಿಐ ಇದೆ. 4 ಮೀಟರಿನೊಳಗಿನ ಉದ್ದ, 1,197 ಸಿಸಿ, 130 ಪಿಎಸ್, 230 ಎನ್‌ಎಂ, ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್. ಶೇ 18ರ ಜಿಎಸ್‌ಟಿಯೊಳಗೆ ಇಷ್ಟು ಟಾರ್ಕ್ ಕೊಡುವುದು ಕಡಿಮೆ ಮಾತಲ್ಲ.

ಇನ್ನೊಂದು ಆಕ್ಷೇಪ ಎಲೆಕ್ಟ್ರಿಕ್ ಕಾರಿನ ಪರವಾಗಿ ಬರುತ್ತದೆ. ಮಹೀಂದ್ರಾ ಬಿಇ 6 ಕಾರಿನ ಮೇಲಿನ ಮಾದರಿ 286 ಪಿಎಸ್ ಕೊಡುತ್ತದೆ, ಏಳು ಸೆಕೆಂಡಿನೊಳಗೆ ನೂರು ಮುಟ್ಟುತ್ತದೆ, ನೆಲದಿಂದ ಎತ್ತರವೂ ಧಾರಾಳ. ಪ್ರತಿ ಲಕ್ಷಕ್ಕೆ ಸಿಗುವ ಪಿಕಪ್ ಲೆಕ್ಕ ಹಾಕಿದರೆ ಪೆಟ್ರೋಲ್ ಕಾರು ಸೋಲುತ್ತದೆ, ಇದನ್ನು ಒಪ್ಪಲೇಬೇಕು. ಆದರೆ ಬ್ಯಾಟರಿಯ ತೂಕ ಮತ್ತೆ ಆ ಎರಡು ಟನ್ನಿನ ಕಥೆಗೇ ತರುತ್ತದೆ. ಅಲ್ಲದೆ ಮಲೆನಾಡಿನ ಒಳದಾರಿಗಳಲ್ಲಿ ಫಾಸ್ಟ್ ಚಾರ್ಜರ್ ಎಲ್ಲಿದೆಯೆಂದು ನೋಡಿಕೊಂಡೇ ದಾರಿ ಗೊತ್ತುಮಾಡಬೇಕು. ವಾರದ ದಿನಗಳಲ್ಲೂ ಅದನ್ನೇ ಓಡಿಸುವವರಿಗೆ ಅದು ಲಾಭದ ಕಾರು. ಭಾನುವಾರಕ್ಕೆ ಮಾತ್ರ ಎನ್ನುವವರಿಗೆ ನಾನು ಸೂಚಿಸುವುದಿಲ್ಲ.

ಟ್ರ್ಯಾಕಿಗೆ ಒಯ್ಯುತ್ತೇನೆ, ಅದಕ್ಕೇ ಹೆಚ್ಚು ಪವರ್ ಬೇಕು ಎನ್ನುವವರೂ ಉಂಟು. ದಕ್ಷಿಣದ ಹೆಸರಾಂತ ರೇಸ್ ಟ್ರ್ಯಾಕುಗಳು ಶ್ರೀಪೆರಂಬುದೂರಿನ ಬಳಿ ಮತ್ತು ಕೊಯಮತ್ತೂರಿನಲ್ಲಿವೆ, ದಾವಣಗೆರೆಯಿಂದ ಇಡೀ ದಿನದ ಪ್ರಯಾಣ. ಮೇಲಾಗಿ ಸಾಮಾನ್ಯ ವಾಹನ ವಿಮೆಯ ಷರತ್ತುಗಳಲ್ಲಿ ಸಂಘಟಿತ ರೇಸು ಮತ್ತು ವೇಗ ಪರೀಕ್ಷೆಯ ವೇಳೆ ಆಗುವ ಹಾನಿಯನ್ನು ಹೊರಗಿಟ್ಟಿರುತ್ತಾರೆ. 50 ಲಕ್ಷದ ಕಾರನ್ನು ಅಂಥ ಜಾಗದಲ್ಲಿ ಗೋಡೆಗೆ ತಾಗಿಸಿದರೆ ಖರ್ಚು ಪೂರ್ತಿ ಮಾಲೀಕನದೇ. ರಸ್ತೆಯಲ್ಲೇ ಪಂದ್ಯ ಕಟ್ಟುವವರಿಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 189 ಇದೆ: ಮೊದಲ ಸಲವೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸ್ಪರ್ಧೆಯ ಹುಚ್ಚು ನಿಜವಾಗಿಯೂ ಇದ್ದವರು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆಯುವ ರಾಷ್ಟ್ರೀಯ ರ‍್ಯಾಲಿಯ ಸುತ್ತನ್ನು ಒಮ್ಮೆ ಹೋಗಿ ನೋಡಲಿ. ಅಲ್ಲಿ ವರ್ಷಗಳಿಂದ ಹೆಚ್ಚಾಗಿ ಕಾಣುವುದು ಪೋಲೋದಂಥ ಚಿಕ್ಕ ಕಾರುಗಳೇ.

ಪೋಲೋ ಮಾತು ಬಂದದ್ದರಿಂದ ಸೆಕೆಂಡ್ ಹ್ಯಾಂಡ್ ಬಗ್ಗೆ ಹೇಳಲೇಬೇಕು, ಏಕೆಂದರೆ ಖುಷಿಯ ಕಾರುಗಳ ಒಳ್ಳೆಯ ವ್ಯಾಪಾರ ಇರುವುದು ಅಲ್ಲೇ, ಮೋಸವೂ ಅಲ್ಲೇ. ಪೋಲೋ 2022ರಲ್ಲಿ ನಿಂತುಹೋಯಿತು. ಕೊನೆಯ ಎರಡು ವರ್ಷ ಬಂದ 1.0 ಟಿಎಸ್‌ಐ, 110 ಪಿಎಸ್, ಮ್ಯಾನ್ಯುವಲ್ ಗೇರಿನದು ಸಿಕ್ಕರೆ ಕಣ್ಣಿಟ್ಟು ನೋಡಿ. ಅದಕ್ಕಿಂತ ಹಳೆಯ ಜಿಟಿ ಟಿಎಸ್‌ಐಯಲ್ಲಿರುವುದು ಒಣ ಕ್ಲಚ್ಚಿನ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಓಡುವಾಗ ಸ್ವರ್ಗ, ಅದರ ಮೆಕಾಟ್ರಾನಿಕ್ ಘಟಕ ಕೆಟ್ಟರೆ ಬಿಲ್ಲು ಲಕ್ಷಗಳ ಮಾತು. ಹರಿಹರ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ದೇಶಕ್ಕೆ ಲೇತ್ ಯಂತ್ರ ಕೊಟ್ಟ ಊರು, ಕಾರ್ಖಾನೆ ಮುಚ್ಚಿದರೂ ಕಬ್ಬಿಣ ಬಲ್ಲ ಕೈಗಳು ಇಲ್ಲಿವೆ. ಬುಶ್, ಬೇರಿಂಗ್, ಡಿಸ್ಕ್ ಕೆಲಸಕ್ಕೆ ಆ ಕೈ ಸಾಕು. ಡಿಎಸ್‌ಜಿಗೆ ಕಂಪನಿಯ ಸ್ಕ್ಯಾನರ್ ಬೇಕು. ಆದ್ದರಿಂದ ಯೂರೋಪಿನ ಬ್ರ್ಯಾಂಡ್ ಯಾವುದೇ ಇರಲಿ, ಅಧಿಕೃತ ವರ್ಕ್‌ಶಾಪ್ ಊರಲ್ಲೇ ಇದೆಯೋ, ಶಿವಮೊಗ್ಗ-ಹುಬ್ಬಳ್ಳಿಗೆ ಹೋಗಬೇಕೋ, 260 ಕಿ.ಮೀ. ದೂರದ ಬೆಂಗಳೂರಿಗೆ ಟೋ ಮಾಡಿಸಬೇಕೋ ಎಂಬುದನ್ನು ದುಡ್ಡು ಕೊಡುವ ಮೊದಲೇ ತಿಳಿದುಕೊಳ್ಳಿ. ಹೊರರಾಜ್ಯದ ನೋಂದಣಿಯ ಕಾರು ಅಗ್ಗವಾಗಿ ಕಂಡರೆ ಎನ್‌ಒಸಿ, ಇಲ್ಲಿನ ಜೀವಿತಾವಧಿ ತೆರಿಗೆ, ಮರುನೋಂದಣಿ ಮೂರನ್ನೂ ಕೂಡಿಸಿ ನೋಡಿ, ಅಗ್ಗ ಎಷ್ಟೋ ಸಲ ಅಲ್ಲೇ ಕರಗುತ್ತದೆ. ಟೈರಿನ ಮೇಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2321 ಎಂದರೆ 2021ರ 23ನೇ ವಾರ. ಕಡಿಮೆ ಓಡಿದೆ ಎನ್ನುವ ಕಾರಿಗೆ ಮೀಟರಿಗೆ ಹೊಂದದ ಹೊಸ ಟೈರು ಏಕೆ ಬಂತೆಂದು ಕೇಳಿ. ಎಂಜಿನ್ ರೀಮ್ಯಾಪ್ ಮಾಡಿಸಿದ, ಸೈಲೆನ್ಸರ್ ಬದಲಿಸಿದ ಕಾರನ್ನು ಬಿಟ್ಟುಬಿಡಿ. ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ವಿಮಾ ಕಂಪನಿಗೆ ಕ್ಲೇಮು ತಳ್ಳಿಹಾಕಲು ಅಷ್ಟೇ ನೆಪ ಸಾಕು.

ಕಾರು ಗೊತ್ತಾದ ಮೇಲೆ ಉಳಿಯುವುದು ಟೆಸ್ಟ್ ಡ್ರೈವ್. ಶೋರೂಮಿನವರು ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಕಳಿಸುತ್ತಾರೆ, ಅದರಿಂದ ಎ.ಸಿ. ತಣ್ಣಗಿದೆಯೆಂಬುದು ಬಿಟ್ಟರೆ ಬೇರೇನೂ ತಿಳಿಯದು. ಹರಿಹರದಿಂದ ಮಲೆಬೆನ್ನೂರಿನ ಕಡೆಗೆ ಹತ್ತು ಕಿ.ಮೀ. ಓಡಿಸಲು ಕೇಳಿ. ಹಿಂದಿನ ಸೀಟಿನಲ್ಲಿ ಇಬ್ಬರು ದೊಡ್ಡವರು ಕೂತಿರಲಿ, ಒಂದೆರಡು ಎತ್ತರದ ಹಂಪ್ ದಾಟಿಸಿ, ಹೊಟ್ಟೆ ತಾಗುತ್ತದೆಯೇ ಕಿವಿಗೊಟ್ಟು ಕೇಳಿ. ಮೂರನೆಯ ಗೇರಿನಲ್ಲಿ 30 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಒತ್ತಿ ಟರ್ಬೊ ಎಷ್ಟು ತಡವಾಗಿ ಎಚ್ಚರಗೊಳ್ಳುತ್ತದೆ ನೋಡಿ, ಘಾಟಿಯಲ್ಲಿ ನಿಮಗೆ ದಿನವಿಡೀ ಬೇಕಾಗುವುದು ಅದೇ ಗಳಿಗೆ. ರಸ್ತೆ ಖಾಲಿಯಿರುವಾಗ ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು 60ರಿಂದ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ, ಕಾರು ನೇರವಾಗಿ ನಿಂತಿತೇ ಗಮನಿಸಿ. ವಿಮೆಯಲ್ಲಿ ಎಂಜಿನ್ ರಕ್ಷಣೆಯ ಸೇರ್ಪಡೆ ಇರಲಿ, ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸಿನ ನೀರು ಎಂಜಿನ್ನಿಗೆ ನುಗ್ಗಿದರೆ ಸಾಮಾನ್ಯ ಪಾಲಿಸಿ ಕೈ ಹಿಡಿಯುವುದಿಲ್ಲ. ಇಷ್ಟು ದೂರದ ಟೆಸ್ಟ್ ಡ್ರೈವ್ ಕೊಡಲು ಒಪ್ಪದ ಡೀಲರ್ ಕೈಗೆ ಬುಕಿಂಗ್ ಹಣ ಕೊಡಬೇಡಿ.